ಎರಡು ಪೆಟ್ಟಿಗೆ ಬೇಸಿಗೆ

ಶಾಲೆಯ ಕೊನೆಯ ಗಂಟೆ ಹೊಡೆದ ಸಂಜೆ
ಸೇಬಿನ ಪೆಟ್ಟಿಗೆ ಎರಡರಲ್ಲಿ ಹೊಸ ಪುಸ್ತಕ ತುಂಬಿ
ಕಾರಿನ ಹಿಂದಿನ ಸೀಟಿಗೆ ಬೆಲ್ಟು ಬಿಗಿದು ಕೂರಿಸಿದೆ.
ಒಂದರ ಮೇಲೆ ಬರೆದೆ: ಕತೆ.
ಇನ್ನೊಂದರ ಮೇಲೆ: ನಿಜ.
ಗಣಿ ರಸ್ತೆಯ ಮೊದಲ ತಿರುವಿಗೇ ಎರಡೂ ಮಗುಚಿ
ಒಂದರೊಳಗೊಂದು ಬೆರೆತುಹೋದವು.

ಇಲ್ಲಿ ಬೇಸಿಗೆಯೆಂದರೆ ಹನ್ನೊಂದು ವಾರ.
ಮೇ ತಿಂಗಳಲ್ಲೂ ಸುಪೀರಿಯರ್ ಸರೋವರದ ದಡದಲ್ಲಿ
ಹಿಮ ಕೊಳಕು ಕಂಬಳಿಯಂತೆ ಬಿದ್ದಿರುತ್ತದೆ.
ಆಮೇಲೆ ಒಮ್ಮೆಲೇ ಸೊಳ್ಳೆ, ಲ್ಯೂಪಿನ್ ಹೂವು,
ರಾತ್ರಿ ಹತ್ತಾದರೂ ಆರದ ಬೆಳಕು.
ಓದುವವಳಿಗೆ ಕರೆಂಟು ಬಿಲ್ಲಿನಲ್ಲಿ ಅಷ್ಟು ಉಳಿತಾಯ.

ನನಗೀಗ ಐವತ್ತೆಂಟು. ಓದುವುದೆಲ್ಲ ಹದಿನಾರರವರನ್ನು.
"ದೊಡ್ಡವರ ಪುಸ್ತಕ ಯಾವಾಗ ಓದ್ತೀಯೆ, ಐಲಾ?"
ಬೇಲಿಯಾಚೆಯಿಂದ ಟಾಯ್ನಿ ಕೇಳುತ್ತಾಳೆ.
ನಾನು ಪುಟದ ಕಿವಿ ಮಡಿಚಿ
(ಹೌದು, ಮಕ್ಕಳು ಮಡಿಚಿದರೆ ಬೈಯುವವಳೇ)
ನಾಲ್ಕು ರೂಬಾರ್ಬ್ ದಂಟು ಮುರಿದುಕೊಟ್ಟು
ಅವಳ ಬಾಯಿ ಮುಚ್ಚಿಸುತ್ತೇನೆ.

ಜೂನಿನಲ್ಲಿ ಮೂರು ಸಲ ಮನೆಬಿಟ್ಟು ಓಡಿದೆ:
ಒಮ್ಮೆ ರೈಲಿನಲ್ಲಿ, ಒಮ್ಮೆ ಬೇರೆ ಗ್ರಹಕ್ಕೆ,
ಒಮ್ಮೆ ಬರೀ ಅಟ್ಟದ ಮೇಲಕ್ಕೆ.
ಇಬ್ಬರು ರಾಜಕುಮಾರಿಯರು ಸಿಂಹಾಸನ ಬೇಡವೆಂದರು;
ಎರಡನೆಯವಳನ್ನು ನಾನು ನಂಬಲಿಲ್ಲ.
ತೋಳವೊಂದನ್ನು ಪ್ರೀತಿಸಿದವಳನ್ನು ನೂರನೇ ಪುಟದಲ್ಲಿ
ಕಾಡಿನಲ್ಲೇ ಬಿಟ್ಟು ಎದ್ದುಬಂದೆ.
ಆದರೂ ಇನ್ನೆರಡು ಪ್ರತಿ ತರಿಸಲೇಬೇಕು, ಬಲ್ಲೆ,
ಕಾಯುವವರ ಸಾಲು ಬಾಗಿಲವರೆಗೆ ಬರುತ್ತದೆ.

ಓರಿನ್‌ಗೆ ಕತೆ ಬೇಡ.
ಮೇಜಿಗೆ ಗದ್ದ ಊರಿ ಅವನು ಕೇಳುವುದು ಒಂದೇ:
"ಇದು ನಿಜವಾಗ್ಲೂ ಆಗಿದ್ದಾ?"
ಅವನಿಗೆಂದೇ ಓದಿದೆ, ಚಳಿಗಾಲವಿಡೀ ಹೆಪ್ಪುಗಟ್ಟಿ
ವಸಂತಕ್ಕೆ ಕುಪ್ಪಳಿಸುವ ಕಪ್ಪೆಯನ್ನು,
ಬಿದ್ದ ಸೇತುವೆಗಳನ್ನು, ಮುಳುಗಿದ ಅದಿರಿನ ಹಡಗನ್ನು.
ಲಾಂಡ್ರಿಯ ದುಂಡು ಗಾಜಿನ ಹಿಂದೆ
ನನ್ನ ಬೆಡ್‌ಶೀಟು ಮುಳುಗಿ ಏಳುತ್ತಿರುವಾಗ
ಹಡಗಿನ ಅಡುಗೆಯವನ ಕೊನೆಯ ಕಾಗದ ಬಂತು.
ಹೆಂಡತಿಗೆ ಬರೆದದ್ದು, ಪೂರ್ತಿ ಈರುಳ್ಳಿಯ ಬೆಲೆ.
ಅತ್ತುಬಿಟ್ಟೆ.
ಕತೆಗಳಲ್ಲಿ ಎಷ್ಟು ಜನ ಸತ್ತರೂ ಕಣ್ಣು ಒದ್ದೆಯಾಗದವಳು.

ಜುಲೈ ಕೊನೆಗೆ ಸಿಕ್ಕಿತು ಒಂದು ತೆಳ್ಳನೆಯ ಕಾದಂಬರಿ,
ಹೊದಿಕೆಯ ಮೇಲೆ ಬರೀ ಒಂದು ಫ್ರಿಜ್ಜು.
ಮನೆ ಮಲಗಿದ ಮೇಲೆ ಹುಡುಗಿಯೊಬ್ಬಳು
ಬಾಟಲಿಯನ್ನು ಸಿಂಕಿಗೆ ಬಗ್ಗಿಸಿ,
ಹೋದಷ್ಟೇ ನೀರು ತುಂಬಿ,
ಗುರುತಿನ ಗೆರೆಗೆ ಸರಿಯಾಗಿ ಮತ್ತೆ ಇಡುತ್ತಾಳೆ.

ಆ ಗೆರೆ ನನಗೆ ಗೊತ್ತು.
ನಮ್ಮ ಮನೆಯಲ್ಲಿ ಅದು ಪೆನ್ಸಿಲ್ಲಿನದು, ಅಪ್ಪನೇ ಎಳೆದದ್ದು.
ಹದಿನಾಲ್ಕರಲ್ಲಿ ಊರಿನ ಗ್ರಂಥಾಲಯವನ್ನೆಲ್ಲ ಜಾಲಾಡಿದ್ದೆ:
ಕುದುರೆ ಸಾಕಿದ ಹುಡುಗಿಯರು, ನರ್ಸಾದ ಹುಡುಗಿಯರು,
ಬೇಸಿಗೆ ಶಿಬಿರದಲ್ಲಿ ಕಳ್ಳರನ್ನು ಹಿಡಿದ ಹುಡುಗಿಯರು.
ಬಾಟಲಿಗೆ ನೀರು ತುಂಬಿದವಳು ಒಬ್ಬಳೂ ಇರಲಿಲ್ಲ.
ಎದ್ದುಹೋಗಿ ಅಡುಗೆಮನೆಯ ನಲ್ಲಿ ತಿರುಗಿಸಿ ಬಿಗಿಮಾಡಿದೆ.
ಅದೇನೂ ಹನಿಯುತ್ತಿರಲಿಲ್ಲ.

ಆಮೇಲೆ ಡೆಲ್ಫೀನ್ ನೆನಪಾದಳು.
ಊಟದ ಬಿಡುವಿನಲ್ಲಿ ಅಟ್ಲಾಸ್ ಕಪಾಟಿನ ಹಿಂದೆ
ನೆಲಕ್ಕೆ ಕೂರುವವಳು,
ಶುಕ್ರವಾರ ಮಾತ್ರ ಐದೈದು ಪುಸ್ತಕ ಒಯ್ಯುವವಳು.
ಶುಕ್ರವಾರವೇ ಏಕೆಂದು ನಾನು ಕೇಳಿಲ್ಲ.

ಕೈಗೆ ಕೊಡಬಾರದು ಇಂಥದ್ದನ್ನು.
ಕೊಟ್ಟರೆ, ಗೊತ್ತೆಂದು ಹೇಳಿದ ಹಾಗೆ.
ಗೊತ್ತಿಲ್ಲದವಳ ಹಾಗೆ ಇಡುವುದನ್ನು ಕಲಿಯಲು
ಮೂವತ್ತು ವರ್ಷ ಹಿಡಿಯಿತು ನನಗೆ.

ಆಗಸ್ಟ್ ಬಂತು. ಟಾಯ್ನಿಯ ಪೈ ಬಂತು.
ಪುಸ್ತಕಗಳ ಬೆನ್ನಿಗೆ ಚೀಟಿ ಅಂಟಿಸುತ್ತ ಕೂತಿದ್ದೇನೆ.
ಅರವತ್ತೆರಡನೇ ಪುಟದಲ್ಲಿ ನಾನೇ ಹೊಡೆದ ಸೊಳ್ಳೆಯ ಕಲೆ.
ನನ್ನದೇ ರಕ್ತ, ಒರೆಸಿದರೂ ಹೋಗಲಿಲ್ಲ, ಇರಲಿ.
ಫ್ರಿಜ್ಜಿನ ಹೊದಿಕೆಯ ಅದನ್ನು
ಇಷ್ಟು ವರ್ಷದಲ್ಲಿ ಮೊದಲ ಸಲ, ಬೇಕೆಂದೇ,
ತಪ್ಪು ಜಾಗದಲ್ಲಿ ಇಡುವವಳಿದ್ದೇನೆ:
ಬ್ರೆಜಿಲ್ ಮತ್ತು ಬಲ್ಗೇರಿಯಾಗಳ ನಡುವೆ,
ಕೆಳಗಿನ ಅಂಕಣದಲ್ಲಿ,
ನೆಲಕ್ಕೆ ಕೂತವರ ಕಣ್ಣಿನ ಎತ್ತರಕ್ಕೆ.

ಅವಳಿಗಿಂತ ಮುಂಚೆ ಓರಿನ್ ಅದನ್ನೆತ್ತಿ ತಂದು
ಮೇಜಿಗೆ ಗದ್ದ ಊರಿದರೆ?
ಉತ್ತರ ಇನ್ನೂ ಹೊಂದಿಸಿಕೊಂಡಿಲ್ಲ.
ಶಾಲೆ ಶುರುವಾಗಲು ಇನ್ನೂ ಒಂಬತ್ತು ದಿನವಿದೆ.